ಬಾಲದಕ್ಕನ ಒಂದು ಇಡೀ ಶಬ್ದ

ಬಾಲದಕ್ಕನ ಮನೆಯ ಅಟ್ಟದ ಮೇಲೆ ಐದು ಬಾಲಗಳಿದ್ದವು. ಹಸುವಿನದಲ್ಲ, ಹಲ್ಲಿಯದಲ್ಲ, ಇಂಗ್ಲಿಷ್ ಶಬ್ದಗಳದ್ದು. ಥರ್ಮೊಕೋಲಿನಲ್ಲಿ ಮೊಳದುದ್ದ ಕತ್ತರಿಸಿ, ಮೇಲೆ ಬಂಗಾರದ ಬಣ್ಣದ ಕಾಗದ ಅಂಟಿಸಿ, ಒಂದೊಂದು ಬಾಲವನ್ನೂ ಒಂದೊಂದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸುಗಳನ್ನು ಮಲಗಿಸಿದ ಹಾಗೆ ಸಾಲಾಗಿ ಮಲಗಿಸಿದ್ದಳು. ಟಿ, ಐ, ಓ, ಎನ್ ಸೇರಿದರೆ ‘ಷನ್’. ಎಮ್, ಇ, ಎನ್, ಟಿ ಸೇರಿದರೆ ‘ಮೆಂಟ್’. ಇನ್ನುಳಿದವು ‘ಇಂಗ್’, ‘ಡೇ’ ಮತ್ತು ವರ್ಷಕ್ಕೊಮ್ಮೆ ಚಾಂಪಿಯನ್‌ಶಿಪ್ಪಿಗೆಂದು ಕೆಳಗಿಳಿಯುವ ‘ಶಿಪ್’.

ಮನೆಯವರ ಬಾಯಲ್ಲಿ ಇವೆಲ್ಲ ಮನೆಮಕ್ಕಳೇ.

“ಷನ್ ಬಂತಾ?”

“ಇಲ್ಲ, ಅವರ ಊಟ ಮುಗಿದ ಮೇಲೆ ಬರುತ್ತೆ.”

“ಮೆಂಟ್ ಯಾಕೆ ಒದ್ದೆಯಾಗಿದೆ?”

“ಮಳೇಲಿ ನೆನೀತು. ಫ್ಯಾನಿನ ಕೆಳಗೆ ಮಲಗಿಸು.”

ಹೊಸದಾಗಿ ಪಕ್ಕದ ಮನೆಗೆ ಬಂದವರು ಈ ಮಾತುಗಳನ್ನು ಗೋಡೆಯಾಚೆಯಿಂದ ಕೇಳಿ, ಪಾಪ, ಈ ಹೆಂಗಸಿಗೆ ಎಷ್ಟು ಮಕ್ಕಳೋ ಅಂತ ಮರುಗಿದ್ದೂ ಉಂಟು.

ಸಮಾರಂಭ ನಡೆಯುವ ಹಾಲ್‌ಗಳಲ್ಲಿ ವೇದಿಕೆಯ ಹಿಂದಿನ ಪರದೆಗೆ ಹೊಳೆಯುವ ಅಕ್ಷರ ಕಟ್ಟುವುದು ಅವಳ ಕಸುಬು. ಮದುವೆಯಾಗಿ ಬಂದಾಗ ಅವಳಿಗೆ ಈ ಕಸುಬಿನ ಗಂಧಗಾಳಿ ಇರಲಿಲ್ಲ. ಗಂಡ ಅದೇ ಹಾಲ್‌ಗಳಿಗೆ ಮಿಣಮಿಣ ದೀಪದ ಸರ ಕಟ್ಟುವವರು. ಎಲ್ಲರಿಗೂ ಅವರು ಲೈಟಿನವರು. ಒಂದು ದಿನ ಅಕ್ಷರ ಕತ್ತರಿಸುವವನು ಮ್ಯಾನೇಜರ್ ಜೊತೆ ಜಗಳ ಆಡಿಕೊಂಡು ಬ್ಲೇಡು ಬಿಸಾಕಿ ಹೋದ. ಲೈಟಿನವರು ಮನೆಗೆ ಬಂದು, “ನಿನ್ನ ಕೈಬರಹ ಗುಂಡಗಿದೆಯಲ್ಲ, ಒಂದು ರಿಸೆಪ್ಷನ್ ಕತ್ತರಿಸಿಕೊಡು,” ಅಂದರು. ಕತ್ತರಿಸಿಕೊಟ್ಟಳು. ಸಮಾರಂಭ ಮುಗಿದ ಮೇಲೆ ಅಕ್ಷರಗಳು ಮೂಟೆಯಲ್ಲಿ ಕಸಕ್ಕೆ ಹೊರಟು ನಿಂತವು. ಅಷ್ಟರಲ್ಲಿ ಇನ್ನೊಬ್ಬರಿಗೆ ಎಕ್ಸಿಬಿಷನ್ ಬೇಕು ಅಂತ ಬಂತು. ಅವಳು ಕಾಗದದ ಮೇಲೆ ಶಬ್ದ ಬರೆದುಕೊಂಡು, ಬ್ಲೇಡು ಹಿಡಿದವಳು ಹಾಗೇ ನಿಂತಳು.

“ರೀ, ಇದರ ಹಿಂಭಾಗ ನೋಡಿದ ಹಾಗಿದೆಯಲ್ಲ.”

“ಯಾರ ಹಿಂಭಾಗ?” ಲೈಟಿನವರು ಗಾಬರಿಯಾದರು.

“ಶಬ್ದದ್ದು. ಕೊನೇ ನಾಲ್ಕೂ ರಿಸೆಪ್ಷನ್ನಿನವೇ. ಮೂಟೆ ಬಿಚ್ಚಿ.”

ಅವತ್ತು ಬಿಚ್ಚಿದ ಮೂಟೆ ಅವಳ ಬದುಕಿನ ಗಂಟು ಕಟ್ಟಿತು. ತಲೆ ಬಂದವರ ಜೊತೆ ಹೋಗುತ್ತದೆ, ಬಾಲ ನಮ್ಮ ಮನೆಯಲ್ಲಿ ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಾಯಿತು. ಇನಾಗುರೇಷನ್ನಿಗೂ ಸೆಲೆಬ್ರೇಷನ್ನಿಗೂ ಅದೇ ಷನ್. ಟೂರ್ನಮೆಂಟಿಗೂ ರಿಟೈರ್‌ಮೆಂಟಿಗೂ ಅದೇ ಮೆಂಟ್. ಪ್ರತಿಸಲ ಮುಂದಿನ ಅಕ್ಷರಗಳನ್ನಷ್ಟೇ ಕತ್ತರಿಸಿದರಾಯಿತು; ಕೆಲಸ ಅರ್ಧ, ಕಸವೂ ಅರ್ಧ. ಹಾಲ್‌ಗಳವರು ಮೊದಮೊದಲು ಮೂಗು ಮುರಿದು ‘ಬಾಲದಕ್ಕ’ ಅಂತ ಹೆಸರಿಟ್ಟರು. ಅವಳು ಅದೇ ಹೆಸರನ್ನು ಬಾಗಿಲಿಗೆ ಬರೆಸಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ, ಒಂದೇ ಬಾಲದ ಶಬ್ದಗಳ ಬೇಟೆ. ಸ್ಕೂಟರಿನ ಹಿಂದೆ ಕೂತರೆ ಅಂಗಡಿಗಳ ಬೋರ್ಡನ್ನು ಕೊನೆಯಿಂದ ಓದುವಳು. ಔಷಧಿ ಡಬ್ಬ, ಸೋಪಿನ ಕವರು, ಬಸ್ಸಿನ ಟಿಕೆಟ್ಟು ಯಾವುದನ್ನೂ ಬಿಡಲಿಲ್ಲ. ಹಳೇ ಪುಸ್ತಕದಂಗಡಿಯಿಂದ ದಪ್ಪನೆ ನಿಘಂಟು ತಂದು, ಶಬ್ದಗಳನ್ನು ಮೊದಲ ಅಕ್ಷರದಿಂದ ಜೋಡಿಸಿದ್ದಾರೆಂದು ನೋಡಿ ಬೇಜಾರಾದಳು. “ಇಷ್ಟು ಓದಿಕೊಂಡವರು, ಬಾಲದಿಂದ ಜೋಡಿಸೋದು ಯಾರಿಗೂ ಹೊಳೀಲಿಲ್ಲವಾ? ಉಪಯೋಗಕ್ಕೆ ಬರೋದೇ ಆ ತುದಿ.” ಎಷ್ಟೋ ದಿನ ಮಗುವಿಗೆ ಹಾಲು ಕುಡಿಸುತ್ತ ಒಂದು ಕೈಯಲ್ಲಿ ನಿಘಂಟಿನ ಹಾಳೆ ತಿರುವಿದ್ದಳು.

ಮನೆಯಲ್ಲಿ ಊಟಕ್ಕೆ ಕೂತರೂ ಪರೀಕ್ಷೆಯೇ. ಎರಡನೇ ಸಲ ಬಡಿಸಬೇಕಾದರೆ ಒಂದು ಹೊಸ ಶಬ್ದ ಕೊಡಬೇಕು.

“ಪೆನ್ಷನ್,” ಅಂತ ಅತ್ತೆ ತಟ್ಟೆ ಮುಂದೆ ತಳ್ಳಿದರು.

“ಅದು ನಮ್ಮದಲ್ಲ ಅತ್ತೆ. ಅದಕ್ಕೆ ಟಿ ಇಲ್ಲ, ಎಸ್ಸು.”

“ಕೇಳಕ್ಕೆ ಒಂದೇ ಥರ ಇದೆಯಲ್ಲೇ.”

“ಕಿವಿಗೆ ಒಂದೇ. ಪರದೆ ಮೇಲೆ ಕಟ್ಟಿದ್ರೆ ಬೇರೆ.”

“ಹಾಗಾದ್ರೆ ಟೆನ್ಷನ್.”

“ಅದೂ ಎಸ್ಸೇ.”

“ನಂಗೆ ಬರೋದೆಲ್ಲ ಅವರ ಕಡೆಯವೇ,” ಅಂತ ಅತ್ತೆ ನಿಟ್ಟುಸಿರು ಬಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, “ರೇಷನ್?” ಅಂದರು.

“ಆಂ, ಅದು ನಮ್ಮದು.”

ಅತ್ತೆ ಆ ಒಂದು ರೇಷನ್ನಿನ ಮೇಲೆಯೇ ಆಮೇಲಿನ ವರ್ಷಗಳನ್ನೆಲ್ಲ ಉಂಡರು. ಲೈಟಿನವರು ಮಾತ್ರ ತುಟಿ ಪಿಟಕ್ಕೆನ್ನದೆ ಒಂದೇ ಸಲ ಬಡಿಸಿದ್ದು ತಿಂದು ಕೈ ತೊಳೆಯುವವರು. ಎಂದೋ ಒಂದು ದಿನ ಇದ್ದಕ್ಕಿದ್ದಂತೆ “ಇನ್ಸುಲೇಷನ್,” ಅಂದುಬಿಟ್ಟರು. ವೈರಿಗೆ ಸುತ್ತುವ ಟೇಪಿನ ಮೇಲೆ ಓದಿದ್ದಂತೆ. ಮನೆಮಂದಿಯೆಲ್ಲ ತುತ್ತು ಕೈಯಲ್ಲೇ ಹಿಡಿದು ಅವರ ಮುಖ ನೋಡಿದರು.

ಗಿರಾಕಿಗಳನ್ನು ಬಾಲದ ದಾರಿಗೆ ತರುವುದರಲ್ಲೂ ಬಾಲದಕ್ಕ ಪಳಗಿದ್ದಳು. ಆ್ಯನಿವರ್ಸರಿ ಬೇಕೆಂದು ಬಂದ ದಂಪತಿಗೆ, “ಎಲ್ಲರೂ ಅದನ್ನೇ ಹಾಕಿಸ್ತಾರೆ. ನೀವು ಸೆಲೆಬ್ರೇಷನ್ ಅನ್ನಿ, ಇನ್ನೂ ಖುಷಿಯಾಗಿದೀರಿ ಅಂತ ಗೊತ್ತಾಗುತ್ತೆ,” ಅನ್ನುವಳು. ಷನ್ ಬೇರೆ ಕಡೆ ಹೋಗಿದ್ದರೆ ಅಂಗಡಿ ಇನಾಗುರೇಷನ್ನು ತಾನಾಗಿ ಓಪನಿಂಗ್ ಆಗುತ್ತಿತ್ತು. ಒಮ್ಮೆ ಅವಸರದಲ್ಲಿ ಲೈಟಿನವರು ಷನ್ ಬದಲಿಗೆ ಮೆಂಟ್ ಕಟ್ಟಿ, ಯಾರದೋ ಸೆಲೆಬ್ರೇಷನ್ನು ಸೆಲೆಬ್ರಾಮೆಂಟ್ ಆಗಿತ್ತು. ಯಾರೂ ಚಕಾರ ಎತ್ತಲಿಲ್ಲ. ಒಬ್ಬರಂತೂ ಹೊಸ ಶಬ್ದ ಚೆನ್ನಾಗಿದೆ ಅಂತ ಹೊಗಳಿ ಹೋದರು.

ಐದು ಬಾಲಗಳಲ್ಲಿ ಮೆಂಟಿಗೆ ಒಂದು ಊನ ಇತ್ತು. ಅದರ ಟಿ ಅಕ್ಷರದ ಬಲಗೈಯ ತುದಿಯಲ್ಲಿ ಅರ್ಧಚಂದ್ರದ ಹಾಗೆ ಒಂದು ಚೂರು ಇಲ್ಲ. ಬಾಲದಕ್ಕನಿಗೆ ಅದರ ಕಥೆ ಹೇಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಯಾವ ಹಾಲಿಗೆ ಹೋದರೂ, ಏಣಿ ಹಿಡಿದವರಿಗೆ, ಕುರ್ಚಿ ಜೋಡಿಸುವವರಿಗೆ, ಮೈಕ್ ಪರೀಕ್ಷೆ ಮಾಡುವವರಿಗೆ ಹೇಳಿಯೇ ಹೇಳುವಳು.

ಮೆಂಟ್ ಕತ್ತರಿಸಿದ ದಿನ ಮಗಳು ಅಂಬೆಗಾಲಿನ ಕೂಸು. ಹಲ್ಲು ಬರುವ ಹೊತ್ತು, ಸಿಕ್ಕಿದ್ದೆಲ್ಲ ಬಾಯಿಗೆ. ಅಮ್ಮ ಅಂಟು ಕಲಸಲು ಒಳಗೆ ಹೋಗಿ ಬರುವಷ್ಟರಲ್ಲಿ ಟಿ ಅಕ್ಷರದ ಕೈಯ ತುದಿ ಮಗುವಿನ ಹೊಟ್ಟೆ ಸೇರಿತ್ತು. ಬಾಲದಕ್ಕ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಟಿ ಅಕ್ಷರವನ್ನು ಕಂಕುಳಲ್ಲಿ ಇರುಕಿಕೊಂಡು ಡಾಕ್ಟರ ಹತ್ತಿರ ಓಡಿದಳು. ಅವರು ಇಬ್ಬರನ್ನೂ ನೋಡಿ, “ಪೇಷೆಂಟ್ ಯಾವುದು?” ಅಂದರು. ಆಮೇಲೆ, “ಹೋದ ದಾರೀಲೇ ಮುಂದೆ ಹೋಗಿ ಬರುತ್ತೆ, ಕಾಯಿರಿ,” ಅಂದರು. ಮನೆಯೆಲ್ಲ ಕಾದಿತು. ಮಗುವಿನ ಬಟ್ಟೆ ಪರೀಕ್ಷೆಯ ಉಸ್ತುವಾರಿ ಅತ್ತೆಯದು. ಕೊನೆಗೆ ಮೂರನೇ ದಿನ ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದು, ಬೀದಿಯ ಎರಡೂ ತುದಿಗೆ ಕೇಳುವಂತೆ, “ಬಂತು,” ಅಂತ ಕೂಗಿದರು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವರೆಲ್ಲ ಕೊಡ ಇಳಿಸಿ ಚಪ್ಪಾಳೆ ತಟ್ಟಿದರು.

ಬಂಗಾರದ ಕಾಗದ ಮಾಸಿದಾಗಲೆಲ್ಲ ಬಾಲದಕ್ಕ ಹೊಸದು ಅಂಟಿಸುತ್ತಿದ್ದಳು. ಆ ಕಚ್ಚಿದ ಜಾಗದಲ್ಲಿ ಮಾತ್ರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಹಳ್ಳ ಹಾಗೇ ಕಾಣುವಂತೆ ಕೂರಿಸುತ್ತಿದ್ದಳು. ಯಾಕೆ ತುಂಬಿಸಬಾರದು ಅಂತ ಕೇಳಿದರೆ, “ತುಂಬಿಸಿದ್ದು ನಿಲ್ಲಲ್ಲ, ಉದುರುತ್ತೆ,” ಅನ್ನುವಳು.

ಕಚ್ಚಿದ ಕೂಸು ದೊಡ್ಡವಳಾಗಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುವ ಕೆಲಸಕ್ಕೆ ಸೇರಿದಳು. ಆ ಕ್ಲಿನಿಕ್ಕಂತೂ ಬಾಲಗಳ ಗಣಿ. ಅಪಾಯಿಂಟ್‌ಮೆಂಟ್, ಟ್ರೀಟ್‌ಮೆಂಟ್, ಕ್ಲೀನಿಂಗ್, ಫಿಲ್ಲಿಂಗ್, ಎಕ್ಸ್‌ಟ್ರ್ಯಾಕ್ಷನ್. ಮೊದಲೆಲ್ಲ ಮಗಳು ಸಂಜೆ ಬಂದು ಒಂದೊಂದಾಗಿ ಅಮ್ಮನ ಮಡಿಲಿಗೆ ಹಾಕುತ್ತಿದ್ದಳು. ಮದುವೆ ಗೊತ್ತಾದ ಮೇಲೆ ಶಬ್ದ ತರುವುದು ನಿಂತಿತು. ಹುಡುಗ ಕನ್ನಡಕದಂಗಡಿಯವನು, ಅಂಗಡಿ ನಡೆಸುವುದು ಅವನ ತಾಯಿ. ಆ ಬೀಗಿತ್ತಿಯದು ಹದ್ದಿನ ಕಣ್ಣು. ಗಾಜಿನ ಮೇಲಿನ ಕೂದಲಿನಷ್ಟು ಗೀರನ್ನು ಬಾಗಿಲಲ್ಲಿ ನಿಂತೇ ಹಿಡಿಯುವಂಥವರು. ಮನೆ ನೋಡಲು ಬಂದ ದಿನ ಕಾಫಿ ಕಪ್ಪಿನ ಸೀಳನ್ನು ತೋರಿಸಿ, “ಇದು ಇನ್ನೊಂದು ವಾರಕ್ಕೆ ಹೋಗುತ್ತೆ,” ಅಂದಿದ್ದರು. ಹೇಳಿದ ಹಾಗೇ ಹೋಯಿತು ಕೂಡ.

ಎಂಗೇಜ್‌ಮೆಂಟಿನ ದಿನ ಗೊತ್ತಾದ ಸಂಜೆ ಮಗಳು ಅಟ್ಟದ ಏಣಿಯ ಕೆಳಗೆ ಬಂದು ನಿಂತಳು.

“ಅಮ್ಮ, ನನ್ನ ಎಂಗೇಜ್‌ಮೆಂಟಿಗೆ ಆ ಮೆಂಟ್ ಬೇಡ.”

“ಯಾಕೆ, ಅದಕ್ಕೇನಾಗಿದೆ?”

“ಊರಲ್ಲಿರೋರ ಬೆನ್ನ ಹಿಂದೆಲ್ಲ ನೇತಾಡಿ ಬಂದಿದೆ. ಸಿಮೆಂಟ್ ಅಂಗಡಿಯವರ ಮೀಟಿಂಗಿಗೂ ಅದೇ. ಎಲ್ಲರಿಗೂ ಬರೀ ತಲೆ ಮಾಡಿಕೊಡ್ತೀಯ. ನಂಗೆ ಒಂದು ಇಡೀ ಶಬ್ದ ಮಾಡಿಕೊಡು. ಮೊದಲಿಂದ ಕೊನೇವರೆಗೆ ನಂದೇ ಅಂತ.”

ಬಾಲದಕ್ಕ ಏಣಿಯ ಮೇಲೇ ಕೂತಳು. ಎಷ್ಟೋ ಮಂದಿಗೆ ಅಕ್ಷರ ಕಟ್ಟಿದ್ದಳು, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಒಂದು ಇಡೀ ಶಬ್ದ ಮಾಡಿಕೊಟ್ಟಿರಲಿಲ್ಲ. ಇವಳ ಹುಟ್ಟುಹಬ್ಬಗಳಿಗೂ ಅದೇ ಡೇ.

“ಆಯ್ತು ಕಣೇ.”

“ಇನ್ನೊಂದು. ಆ ಟಿ ಕಥೆ ಅವರ ಮುಂದೆ ಹೇಳಬಾರದು. ಬಟ್ಟೆ, ಪರೀಕ್ಷೆ, ಬಂತು, ಯಾವುದೂ ಬೇಡ. ಅವರಮ್ಮನ ಮುಂದೆ ನಾನು ತಲೆ ಎತ್ತಿಕೊಂಡು ಇರಬೇಕು.”

“ಬಾಯಿಗೆ ಬೀಗ,” ಅಂತ ಬಾಲದಕ್ಕ ಮಾತು ಕೊಟ್ಟಳು.

ಕೊಟ್ಟ ಮಾತಿಗೆ ತಕ್ಕಂತೆ ಎಂಗೇಜ್‌ಮೆಂಟಿನ ದಿನಕ್ಕೇ ಮೆಂಟನ್ನು ಬೇರೆ ಕಡೆಗೆ ಒಪ್ಪಿಸಿಯೂ ಬಿಟ್ಟಳು. ನೀರಿನ ಮೀಟರ್ ಓದುವವರೊಬ್ಬರ ಬೀಳ್ಕೊಡುಗೆಗೆ ಫೇರ್‌ವೆಲ್ ಬೇಕೆಂದು ಅವರ ಜೊತೆಯವರು ಬಂದಿದ್ದರು. “ಫೇರ್‌ವೆಲ್ಲಾ? ಅವರು ಇನ್ನೂ ಗಟ್ಟಿಯಾಗಿದಾರಲ್ಲ,” ಅಂತ ಬಾಲದಕ್ಕ ಮುಖ ಸಿಂಡರಿಸಿ, ಅವರನ್ನು ರಿಟೈರ್‌ಮೆಂಟಿಗೆ ಒಪ್ಪಿಸಿದಳು.

ಮಗಳು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಕೋಣೆಯ ಬಾಗಿಲು ಹಾಕಿಕೊಂಡು ಕತ್ತರಿಸಲು ಕೂತಳು. ಹೊಸ ಥರ್ಮೊಕೋಲ್ ಹಾಳೆ, ಹೊಸ ಬ್ಲೇಡು, ದಪ್ಪ ಬಂಗಾರದ ಕಾಗದ. ಪ್ರತಿ ಅಕ್ಷರದ ಅಂಚನ್ನೂ ಮಗುವಿನ ಉಗುರು ತೆಗೆದಷ್ಟು ಹುಷಾರಾಗಿ ತಿದ್ದಿದಳು. ಆದ ಆದ ಹಾಗೆ ಮೆತ್ತನೆ ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಇಟ್ಟಳು. ನಡುವೆ ಅತ್ತೆ ಎರಡು ಸಲ ಬಾಗಿಲು ಬಡಿದು, “ಒಳಗೇನು ಮಾಡ್ತಿದೀಯ, ಮೊಟ್ಟೆ ಇಡ್ತಿದೀಯಾ?” ಅಂತ ಕೇಳಿ ಹೋದರು. ಮುಗಿದಾಗ ಬೆನ್ನು ನೆಟ್ಟಗೆ ಮಾಡಿ, ಕೈ ಕೊಡವಿ, ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು. ಡಬ್ಬಕ್ಕೆ ದಾರ ಕಟ್ಟಿ, ಯಾರೂ ಮುಟ್ಟಕೂಡದು ಅಂತ ಮನೆಗೆಲ್ಲ ಅಪ್ಪಣೆ ಮಾಡಿದಳು.

ಆ ದಿನ ಬಂತು. ಎರಡನೇ ಮಹಡಿಯ ಹಾಲ್, ನೀಲಿ ಪರದೆ, ಪರದೆಯ ಮುಂದೆ ಏಣಿ. ಬೀಗರು ಬರಲು ಒಂದು ಗಂಟೆ ಇತ್ತು. ಅರ್ಧ ಜಡೆ ಹಾಕಿಕೊಂಡ ಮಗಳು, ತನ್ನ ಶಬ್ದ ನೋಡಬೇಕೆಂದು ಪಕ್ಕದ ಕೋಣೆಯಿಂದ ಓಡಿಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಬಾಲದಕ್ಕ ದಾರ ಬಿಚ್ಚಿ ಒಂದೊಂದೇ ಅಕ್ಷರ ಕೊಟ್ಟಳು, ಲೈಟಿನವರು ಕಟ್ಟಿದರು. ಇ. ಎನ್. ಜಿ. ಎ. ಜಿ. ಇ. ಎಷ್ಟು ಚೆಂದ ಹೊಳೆಯುತ್ತಿದ್ದವೆಂದರೆ ಮಗಳ ಕಣ್ಣೂ ಹೊಳೆಯಿತು. ಲೈಟಿನವರು ಏಣಿ ಸರಿಸಿ ಕೈ ಚಾಚಿದರು.

ಬಾಲದಕ್ಕ ಡಬ್ಬದಲ್ಲಿ ಕೈ ಆಡಿಸಿದಳು. ಕಾಗದ ಎತ್ತಿದಳು. ಡಬ್ಬ ತಲೆಕೆಳಗು ಮಾಡಿದಳು.

“ಏನಾಯ್ತಮ್ಮ?”

ಬಾಲದಕ್ಕ ಖಾಲಿ ಡಬ್ಬವನ್ನು ಮಗಳ ಕಡೆ ತಿರುಗಿಸಿದಳು. ಉಳಿದ ನಾಲ್ಕು ಅಕ್ಷರ ಕಳೆದುಹೋಗಿರಲಿಲ್ಲ, ಕತ್ತರಿಸಿಯೇ ಇರಲಿಲ್ಲ. ಇಷ್ಟು ವರ್ಷ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಗೇ ಕೈ ತಾನಾಗಿ ನಿಂತಿತ್ತು. ಬಾಲ ಬರುವ ಜಾಗ ಬಂದ ಕೂಡಲೇ, ಇನ್ನು ಮುಗಿಯಿತು ಅಂತ ಬೆನ್ನು ತಾನಾಗಿ ನೆಟ್ಟಗಾಗಿತ್ತು, ನಿಟ್ಟುಸಿರೂ ತಾನಾಗಿ ಬಂದಿತ್ತು. ತನ್ನ ಮಗಳಿಗೂ ಅವಳು ಬರೀ ತಲೆಯನ್ನೇ ಮಾಡಿದ್ದಳು.

“ಡಬ್ಬ ಹಗುರ ಇತ್ತು,” ಅಂದರು ಲೈಟಿನವರು ಏಣಿಯ ಮೇಲಿಂದ.

“ಗೊತ್ತಿದ್ದೂ ಹೇಳಲಿಲ್ಲವಾ?”

“ನೀನೇ ಮುಟ್ಟಬೇಡಿ ಅಂದಿದ್ದೆ. ಹೇಳಿದ್ರೆ ಮುಟ್ಟಿದ್ದು ಗೊತ್ತಾಗ್ತಿತ್ತು.”

ಮಗಳು ಅತ್ತಿದ್ದರೆ ಬಾಲದಕ್ಕನಿಗೆ ಸುಲಭವಾಗುತ್ತಿತ್ತು. ಅವಳು ಪರದೆಯನ್ನೇ ನೋಡುತ್ತ, ಜಡೆಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕೂತಳು. ಲೈಟಿನವರು ಗಂಟಲು ಸರಿಮಾಡಿಕೊಂಡು, “ಮೀಟರಿನವರ ಹಾಲ್ ಹತ್ತಿರಾನೇ. ಮೆಂಟ್ ತರಲಾ?” ಅಂದರು.

“ಬೇಡ,” ಅಂದಳು ಬಾಲದಕ್ಕ. “ಮಾತು ಕೊಟ್ಟಿದೀನಿ. ಈ ಹಾಲಲ್ಲಿ ಎಲ್ಲಾದರೂ ಥರ್ಮೊಕೋಲ್ ಇದೆಯಾ ನೋಡಿ.”

ಇತ್ತು. ಅಡುಗೆಮನೆಗೆ ಹೊಸ ಫ್ರಿಜ್ ಬಂದಿತ್ತು; ಅದರ ಪೆಟ್ಟಿಗೆಯಲ್ಲಿ ಫ್ರಿಜ್ಜಿನ ಮೈಗೆ ತಕ್ಕ ಹಾಗೆ ಉಬ್ಬುತಗ್ಗಾದ ದಪ್ಪ ತುಂಡುಗಳು ಬಿದ್ದಿದ್ದವು. ಬಾಲದಕ್ಕ ತರಕಾರಿ ಚಾಕು ಹಿಡಿದು ವೇದಿಕೆಯ ಮೆಟ್ಟಿಲ ಮೇಲೆ ಕೂತಳು. ಮಗಳು ಹೊಸ ಬಟ್ಟೆಯ ಮೇಲೆ ಟವೆಲು ಹಾಸಿಕೊಂಡು ಎದುರು ಕೂತು ತುಂಡನ್ನು ಹಿಡಿದಳು. ಚಾಕು ಹಾದಲ್ಲೆಲ್ಲ ಬಿಳಿ ಕಾಳು ಹಾರಿ ಅರ್ಧ ಜಡೆಯ ಮೇಲೆ ಕೂತವು.

“ಎಮ್ ದಪ್ಪ ಆಯ್ತು,” ಅಂದಳು ಮಗಳು.

“ಫ್ರಿಜ್ಜಿನ ಸೊಂಟದ ಭಾಗ ಅದು. ಇರಲಿ, ಉಂಡವರ ಮನೆ ಅಂತ ಗೊತ್ತಾಗುತ್ತೆ.”

ಮಗಳ ತುಟಿಯ ಮೂಲೆ ಸ್ವಲ್ಪ ಅಲುಗಿತು.

“ಬೇಕು ಅಂತ ಬಿಟ್ಟಿಲ್ಲ ಕಣೇ,” ಅಂದಳು ಬಾಲದಕ್ಕ ಚಾಕುವಿನಿಂದ ಕಣ್ಣು ತೆಗೆಯದೆ. “ನಿನ್ನಾಣೆ, ಮುಗೀತು ಅಂತಲೇ ಅಂದ್ಕೊಂಡಿದ್ದೆ.”

“ಗೊತ್ತು. ನೀನು ನನ್ನ ಶಾಲೆಗೆ ಬಿಡೋವಾಗಲೂ ಗೇಟಿನವರೆಗೇ ಬರ್ತಿದ್ದೆ. ಒಳಗಿನದನ್ನ ಅವರು ನೋಡ್ಕೋತಾರೆ ಅಂತಿದ್ದೆ.”

“ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತಿರ್ತಿದ್ದೆ ಅಂತ ನಿಂಗೆ ಗೊತ್ತಿಲ್ಲ.”

“ಗೊತ್ತು. ಕಿಟಕೀಲಿ ಕಾಣ್ತಿತ್ತು.”

ಎಮ್ ಆಯಿತು, ಇ ಆಯಿತು, ಎನ್ ಆಯಿತು. ಉಳಿದ ತುಂಡಿನಲ್ಲಿ ಟಿ ಕತ್ತರಿಸಿದರೆ ಕುತ್ತಿಗೆ ಮುರಿಯಿತು. ಇನ್ನೊಂದು ಕತ್ತರಿಸಿದರೆ ಅದೂ ಮುರಿಯಿತು. ಫ್ರಿಜ್ಜು ಮುಗಿಯಿತು. ಕೆಳಗೆ ಬೀಗರ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮಗಳು ತಲೆಗೂದಲಿಂದ ಬಿಳಿ ಕಾಳು ಕೊಡವಿಕೊಂಡು ಎದ್ದು, “ಅಪ್ಪ, ಟಿ ಒಂದು ತನ್ನಿ,” ಅಂದಳು. ಆಮೇಲೆ ಅಮ್ಮನ ಕಡೆ ತಿರುಗಿ, ಬೆರಳು ತೋರಿಸಿ, “ಟಿ ಮಾತ್ರ. ಕಥೆ ಬೇಡ,” ಅಂದು ಜಡೆ ಮುಗಿಸಲು ಓಡಿದಳು.

ಲೈಟಿನವರು ಹೋಗಿ ಬಂದ ವೇಗಕ್ಕೆ ಅವರ ಸ್ಕೂಟರಿಗೇ ಆಶ್ಚರ್ಯವಾಗಿರಬೇಕು. ಮೀಟರಿನವರು ಭಾಷಣ ಮಾಡುತ್ತಿದ್ದರಂತೆ. ಇವರು ಹಿಂದೆ ಏಣಿ ಇಟ್ಟು ಟಿ ಬಿಚ್ಚುವುದನ್ನು ಕಂಡು ಮಾತು ನಿಲ್ಲಿಸಿ, “ಏನು, ಕನೆಕ್ಷನ್ ಕಟ್ ಮಾಡ್ತಿದೀರಾ?” ಅಂದರಂತೆ. ಕಾರಣ ತಿಳಿದ ಮೇಲೆ, “ತಗೊಂಡು ಹೋಗಿ. ಇಷ್ಟು ವರ್ಷ ಊರವರ ಮೀಟರ್ ನಾನು ಓದಿದೀನಿ, ನನ್ನ ಬೋರ್ಡನ್ನ ಕೊನೇವರೆಗೆ ಯಾರು ಓದ್ತಾರೆ,” ಅಂದರಂತೆ. ಇದನ್ನೆಲ್ಲ ಲೈಟಿನವರು ಹೇಳಿದ್ದು ಮಾರನೇ ದಿನ. ಅವತ್ತು ಅವರು ಹೇಳಿದ್ದು, “ಕೊಟ್ಟರು,” ಅಷ್ಟೇ. ಹೇಳಿ, ಟಿ ಅಕ್ಷರವನ್ನು ಕೊನೆಯಲ್ಲಿ ಕಟ್ಟಿ ಏಣಿ ಇಳಿದರು.

ಹೀಗೆ ವೇದಿಕೆಯ ಮೇಲೆ ಆರು ಅಕ್ಷರ ಬಂಗಾರದವು, ಮೂರು ಅಕ್ಷರ ಬರೀ ಬಿಳಿ, ಉಬ್ಬುತಗ್ಗು; ಕೊನೆಯದು ಮಾಸಿದ ಬಂಗಾರ, ಬಲಗೈ ಊನ. ಅದರ ಕೆಳಗೆ ಹುಡುಗ ಹುಡುಗಿ ಉಂಗುರ ಹಾಕಿಕೊಂಡರು. ಚಪ್ಪಾಳೆಯಾಯಿತು. ಫೋಟೊ ತೆಗೆಯುವವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಬೀಗಿತ್ತಿ ಮಾತ್ರ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪರದೆಯ ಕೊನೆಯನ್ನು ದಿಟ್ಟಿಸುತ್ತಿದ್ದರು.

“ಬೀಗಿತ್ತಿ, ಆ ಟಿ ಅಕ್ಷರ ಯಾರೋ ಕಚ್ಚಿದ ಹಾಗಿದೆಯಲ್ಲ?” ಅಂತ ಬಾಲದಕ್ಕನನ್ನು ಕೇಳಿದರು.

“ಹೂಂ,” ಅಂದಳು ಬಾಲದಕ್ಕ.

“ಇಲಿಯಾ?”

ಬಾಲದಕ್ಕ ತಲೆಯನ್ನು ಹೌದೆಂದೂ ಅಲ್ಲವೆಂದೂ ತಿಳಿಯದ ಹಾಗೆ ಆಡಿಸಿದಳು.

“ಇಲಿ ಹೀಗೆ ಕಚ್ಚಲ್ಲ. ಇಲಿಯದು ಸಣ್ಣ ಸಣ್ಣ ಗೀರು. ಇದು ದುಂಡಗಿದೆ. ಹೆಗ್ಗಣವಾ?”

ಬಾಲದಕ್ಕನ ಮುಖ ಕೆಂಪಾಯಿತು. ಕಥೆ ಹೊಟ್ಟೆಯಿಂದ ಹೊರಟು ಗಂಟಲಿಗೆ ಬಂದು, ಅಲ್ಲಿಂದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಕೈಗೆ ಸಿಕ್ಕ ಕೇಕಿನ ತುಂಡನ್ನು ಬಾಯಿಗೆ ತುರುಕಿಕೊಂಡು ಅದನ್ನು ಒಳಗೆ ದಬ್ಬಿದಳು. ಕಣ್ಣಲ್ಲಿ ನೀರು ಬಂತು. ಮಗಳು ಹೆಗ್ಗಣವಾದರೂ ಆಗಲಿ, ಕೊಟ್ಟ ಮಾತು ಮಾತು.

ಮಗಳು ಅಮ್ಮನನ್ನೇ ನೋಡುತ್ತಿದ್ದಳು. ಉಬ್ಬಿದ ಕೆನ್ನೆ, ನೀರು ತುಂಬಿದ ಕಣ್ಣು, ಮೂಗಿನ ಮೇಲೆ ಕೇಕಿನ ಕ್ರೀಮು. ಈ ಹೆಂಗಸು ಯಾರಿಗೂ ಹೇಳದೆ ಯಾವತ್ತೂ ಬಿಟ್ಟಿರದ ಕಥೆಯನ್ನು, ಕೇಳಲು ಇಡೀ ಹಾಲ್ ತುಂಬಿರುವಾಗ ಒಬ್ಬಳೇ ನುಂಗುತ್ತಿದ್ದಾಳೆ. ಮಗಳಿಗೆ ಮೊದಲು ನಗು ಬಂತು, ಆಮೇಲೆ ಇನ್ನೇನೋ ಬಂತು, ಆಮೇಲೆ ಮತ್ತೆ ನಗುವೇ ಬಂತು.

“ಹೆಗ್ಗಣ ಅಲ್ಲ ಅತ್ತೆ. ಹಾಲುಹಲ್ಲು. ಮೇಲಿನದು ಎರಡು, ಕೆಳಗಿನದು ಎರಡು,” ಅಂದಳು, ಕ್ಲಿನಿಕ್ಕಿನ ಮೇಜಿನ ಹಿಂದೆ ಕೂತವಳ ಗತ್ತಿನಲ್ಲಿ. “ನಂದೇ.”

ಬೀಗಿತ್ತಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸೊಸೆಯಾಗುವವಳ ಬಾಯಿಯನ್ನು ನೋಡಿದರು. ಹುಡುಗನೂ ನೋಡಿದ. ಮಗಳು ಹೇಳತೊಡಗಿದಳು. ಎಷ್ಟು ಕೆಟ್ಟದಾಗಿ ಹೇಳಿದಳೆಂದರೆ, ಬಾಲದಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಟು ಕಲಸಿದ್ದು ಬಿಟ್ಟಳು. ಡಾಕ್ಟರು ಪೇಷೆಂಟ್ ಯಾವುದು ಅಂದದ್ದು ಬಿಟ್ಟಳು. ನೇರ ಕೊನೆಗೆ ಹಾರಿ, “ಮಾರನೇ ದಿನ ಬಂತಂತೆ, ಅಷ್ಟೆ,” ಅಂದುಬಿಟ್ಟಳು.

“ಮೂರನೇ ದಿನ,” ಅಂದಳು ಬಾಲದಕ್ಕ. ಕೇಕಿನ ಪುಡಿ ಬೀಗಿತ್ತಿಯ ತೋಳಿನ ಮೇಲೆ ಬಿತ್ತು. ಅವಳು ಗಡಬಡಿಸಿ ಬಾಯಿಗೆ ಕೈ ಅಡ್ಡ ಹಿಡಿದು ಮಗಳ ಮುಖ ನೋಡಿದಳು.

“ಹೇಳಮ್ಮ,” ಅಂದಳು ಮಗಳು. “ನನಗೆ ಬರಲ್ಲ. ನೀನೇ ಮೊದಲಿಂದ ಹೇಳು.”

ಮೈಕಿನವರು ಮೈಕನ್ನೇ ತಂದು ಕೈಗಿಟ್ಟರು. ಬಾಲದಕ್ಕ ಕೇಕು ನುಂಗಿ, ಮೂಗು ಒರೆಸಿಕೊಂಡು, ಅಂಟು ಕಲಸುವುದರಿಂದ ಶುರು ಮಾಡಿದಳು. ಕಂಕುಳಲ್ಲಿ ಟಿ ಇರುಕಿಕೊಂಡು ಓಡಿದ್ದನ್ನು ವೇದಿಕೆಯ ಮೇಲೆ ಓಡಿಯೇ ತೋರಿಸಿದಳು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೂರನೇ ದಿನ ಬೆಳಿಗ್ಗೆ ಅತ್ತೆ ಬಾಗಿಲಿಗೆ ಬಂದರು ಅನ್ನುವಲ್ಲಿಗೆ ಬಂದು ಉಸಿರು ತೆಗೆದುಕೊಳ್ಳಲು ನಿಂತಳು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಅತ್ತೆ ತಮ್ಮ ಸರದಿ ಬಂತೆಂದು ಕಣ್ಣು ಬಿಟ್ಟು, ಹಾಲಿನ ಎರಡೂ ತುದಿಗೆ ಕೇಳುವಂತೆ, “ಬಂತು,” ಅಂತ ಕೂಗಿದರು.

ಬೀಗಿತ್ತಿ ನಕ್ಕ ನಗೆಗೆ ಕನ್ನಡಕ ಕೆಳಗೆ ಬಿತ್ತು. ಎತ್ತಿ ನೋಡಿ, ಗೀರು ಬಿದ್ದಿದ್ದನ್ನು ಕಂಡು, “ಇರಲಿ ಬಿಡಿ, ನಮ್ಮದೇ ಅಂಗಡಿ,” ಅಂದರು.

ಮಾರನೇ ದಿನ ಅಕ್ಷರ ಬಿಚ್ಚಲು ಹೋದಾಗ ಆ ಟಿ ಅಲ್ಲಿರಲಿಲ್ಲ. ಮಗಳನ್ನು ಕೇಳಿದರೆ, “ಅದು ನನ್ನ ಜೊತೆ ಬರುತ್ತೆ. ಕಚ್ಚಿದೋಳು ನಾನು,” ಅಂದಳು. ಈಗ ಅದು ಕನ್ನಡಕದಂಗಡಿಯ ಗಾಜಿನ ಕಪಾಟಿನ ಮೇಲಿದೆ. ದಿನಾ ಒರೆಸುವವರು ಬೀಗಿತ್ತಿಯೇ.

ಅಟ್ಟದ ಮೇಲೆ ಮೆಂಟಿಗೆ ಹೊಸ ಟಿ ಬಂದಿದೆ. ಉಳಿದ ಮೂರರ ಮೂಲೆಗಳು ಸವೆದು ದುಂಡಗಾಗಿವೆ, ಇದರವು ಮಾತ್ರ ಬ್ಲೇಡಿನಷ್ಟು ಚೂಪು. ಹಾಲ್‌ಗಳಲ್ಲಿ ಏಣಿ ಹಿಡಿದವರು ತಲೆ ಎತ್ತಿ, “ಅಕ್ಕ, ಕೊನೇದೊಂದು ಯಾಕೆ ಹೊಸದು?” ಅಂತ ಕೇಳುತ್ತಾರೆ. ಬಾಲದಕ್ಕ ಕಟ್ಟುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಏಣಿಯಿಂದ ಇಳಿಯುತ್ತಾಳೆ. ಕುರ್ಚಿ ಎಳೆದುಕೊಂಡು, “ಕೂತ್ಕೊಳ್ಳಿ,” ಅನ್ನುತ್ತಾಳೆ. ಕಥೆಗೆ ಈಗ ಒಂದು ಫ್ರಿಜ್ಜು, ಒಬ್ಬರು ಮೀಟರಿನವರು ಮತ್ತು ಒಂದು ತುಂಡು ಕೇಕು ಸೇರಿಕೊಂಡಿರುವುದರಿಂದ ಸ್ವಲ್ಪ ಹೊತ್ತು ಹಿಡಿಯುತ್ತದೆ. ಲೈಟಿನವರು ಅಷ್ಟರಲ್ಲಿ ಉಳಿದ ದೀಪಗಳನ್ನೆಲ್ಲ ಕಟ್ಟಿ ಮುಗಿಸುತ್ತಾರೆ.